ರಂಗಪ್ರಶ್ನೆ: ಮನೆಯಲ್ಲಿ ಬರುವ ಮಾತು ರಂಗದ ಮೇಲೆ ಎಲ್ಲಿ ಹೋಗುತ್ತದೆ?

ಮಳೆ ಹಿಂದೆ ಸರಿಯಿತೆಂದರೆ ಮಲೆನಾಡಿನಲ್ಲಿ ತಾಲೀಮು ಶುರು. ಕಾಲೇಜಿನ ಯುವಜನೋತ್ಸವ, ರಾಜ್ಯೋತ್ಸವ, ಊರ ಜಾತ್ರೆ ಎಂದು ಒಂದಾದ ಮೇಲೊಂದು ಬರುತ್ತವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನಾಟಕದ ವಿದ್ಯಾರ್ಥಿಗಳವು. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮನೆಯಲ್ಲಿ ನನ್ನ ಮಾತುಗಳನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತೇನೆ. ತಾಲೀಮಿನಲ್ಲಿ ಎದ್ದು ನಿಂತರೆ ಅರ್ಧ ಮರೆತುಹೋಗುತ್ತದೆ. "ಇನ್ನೂ ಬಾಯಿಪಾಠ ಆಗಿಲ್ವಾ?" ಎಂದು ನಿರ್ದೇಶಕರು ಬೈಯುತ್ತಾರೆ. ನನ್ನ ನೆನಪಿನ ಶಕ್ತಿಯೇ ಕಮ್ಮಿಯೆ?
*ಪದವಿ ವಿದ್ಯಾರ್ಥಿ, ಶಿವಮೊಗ್ಗ*

ಉತ್ತರ: ನೆನಪಿನ ಶಕ್ತಿ ಸರಿಯಾಗೇ ಇದೆ, ಕಲಿತ ರೀತಿ ತಪ್ಪು. ಮನೆಯಲ್ಲಿ ಕುಳಿತು ಓದುವಾಗ ನಿಮ್ಮ ಒಂದು ಮಾತಿನ ಹಿಂದೆಯೇ ನಿಮ್ಮ ಇನ್ನೊಂದು ಮಾತು ಬರುತ್ತದೆ. ರಂಗದ ಮೇಲೆ ಆ ಎರಡರ ನಡುವೆ ಎದುರಿನವರ ನಾಲ್ಕು ವಾಕ್ಯ, ಮೂರು ಹೆಜ್ಜೆ, ಒಂದು ಕುರ್ಚಿ ಎಲ್ಲ ಬಂದು ನಿಲ್ಲುತ್ತವೆ. ಸರಪಳಿ ಅಲ್ಲೇ ಕಡಿಯುತ್ತದೆ.

ನಿಮ್ಮ ನಾಟಕದ ಪ್ರತಿಯಲ್ಲಿ, ಮಾತು ಎತ್ತಲು ಸೂಚನೆಯಾಗಲೆಂದು, ಎದುರಿನವರ ಮಾತಿನ ಕೊನೆಯ ನಾಲ್ಕೈದು ಪದಗಳಿಗೆ ಗೆರೆ ಎಳೆದಿರುತ್ತೀರಿ. ಅದು ಬೇಕು, ಆದರೆ ಅಷ್ಟೇ ಸಾಲದು. ಅವರ ಮಾತಿನೊಳಗೆ ನಿಮ್ಮನ್ನು ಚುಚ್ಚುವ ಪದ ಯಾವುದು ಎಂದು ಹುಡುಕಿ, ಅದಕ್ಕೆ ಬೇರೆ ಬಣ್ಣದ ಗುರುತು ಹಾಕಿ. ಉದಾಹರಣೆಗೆ ಅಕ್ಕನ ಪಾತ್ರ ಹೀಗನ್ನುತ್ತದೆ ಎಂದಿಟ್ಟುಕೊಳ್ಳಿ: "ಅಪ್ಪಯ್ಯ ತೋಟ ಮಾರಿದ್ದು ನಿನ್ನ ಓದಿಗೆ. ಅದನ್ನ ನೆನಪಲ್ಲಿ ಇಟ್ಕೋ. ಈಗ ಕೈಕಾಲು ತೊಳ್ದು ಊಟಕ್ಕೆ ಬಾ." ನಿಮ್ಮ ಮಾತು: "ನನ್ನ ಓದಿಗಾ?" ಸೂಚನೆಯ ಪದ "ಊಟಕ್ಕೆ ಬಾ". ಮಾತು ಹುಟ್ಟುವುದು ಮಾತ್ರ "ನಿನ್ನ ಓದಿಗೆ" ಎಂಬಲ್ಲಿ. ಅಲ್ಲೇ ನಿಮ್ಮ ಉಸಿರು ಒಳಗೆ ಹೋಗಬೇಕು, ಕೈಲಿದ್ದ ಕೆಲಸ ನಿಲ್ಲಬೇಕು. ಅಕ್ಕ ಉಳಿದ ಎರಡು ವಾಕ್ಯ ಹೇಳುವಷ್ಟು ಹೊತ್ತೂ ನೀವು ಅದನ್ನು ತಡೆದು ಹಿಡಿದಿರುತ್ತೀರಿ, ಆಮೇಲೆ ಮಾತು ತಾನಾಗಿ ಹೊರಗೆ ಬರುತ್ತದೆ. "ಊಟಕ್ಕೆ ಬಾ" ಕೇಳಿಸಲಿ ಎಂದು ಕಾಯುತ್ತ ನಿಂತ ನಟನ ಮುಖ ನೋಡಿ, ಬಸ್ಸು ಕಾಯುವವರ ಹಾಗೆ ಖಾಲಿ ಇರುತ್ತದೆ. ಮರೆವು ಬರುವುದೂ ಅಲ್ಲೇ.

ಇನ್ನೊಂದು ಸಂಗತಿ, ಬ್ಲಾಕಿಂಗ್, ಅಂದರೆ ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಎತ್ತ ನಡೆಯಬೇಕು ಎಂಬ ಚಲನೆಯ ನಿಗದಿ, ಆಗುವ ಮೊದಲೇ ಪೂರ್ತಿ ಬಾಯಿಪಾಠ ಮಾಡಬೇಡಿ. ಹಾಗೆ ಮಾಡಿದ ಮಾತು ಒಂದು ರಾಗಕ್ಕೆ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ನಿರ್ದೇಶಕರು ಎಷ್ಟು ಹೇಳಿದರೂ ಆ ರಾಗ ಬಿಡುವುದಿಲ್ಲ. ಒಂದು ದೃಶ್ಯದ ಚಲನೆ ನಿಂತ ದಿನ ರಾತ್ರಿ ಆ ದೃಶ್ಯದ ಮಾತು ಕಲಿಯಿರಿ, ನಡೆಯುವ ಕಡೆ ನಡೆಯುತ್ತಲೇ ಕಲಿಯಿರಿ. ಮಲಗುವ ಮುಂಚೆ ಇಪ್ಪತ್ತು ನಿಮಿಷ ಸಾಕು. ಬೆಳಿಗ್ಗೆ ಎದ್ದು ಪ್ರತಿ ನೋಡದೆ ಹೇಳಿ, ಆಮೇಲೆ ತೆಗೆದು ನೋಡಿ. ನೋಡುತ್ತ ಹತ್ತು ಸಲ ಓದುವುದಕ್ಕಿಂತ ನೋಡದೆ ಎರಡು ಸಲ ತಡವರಿಸುವುದೇ ಹೆಚ್ಚು ಉಪಯೋಗ.

ಮೂರನೇ ವಾರದ ಹೊತ್ತಿಗೆ ಒಂದು ಪರೀಕ್ಷೆ. ಇಬ್ಬರೂ ಎದುರುಬದುರು ಕುಳಿತು, ಭಾವ ಹಾಕದೆ, ಎರಡು ಪಟ್ಟು ವೇಗದಲ್ಲಿ ದೃಶ್ಯ ಹೇಳಿ ಮುಗಿಸಿ. ಎಲ್ಲಿ ತೊದಲುತ್ತೀರೋ ಆ ಜಾಗ ಇನ್ನೂ ಕೂತಿಲ್ಲ. ಅಡಿಕೆ ಸುಲಿಯುತ್ತಲೋ ಬಟ್ಟೆ ಮಡಚುತ್ತಲೋ ಹೇಳಲು ಬಂದರೆ ಆ ಮಾತು ರಂಗದ ಮೇಲೆ ಕೈಕೊಡುವುದು ಕಡಿಮೆ.

ಅಷ್ಟಾಗಿಯೂ ಪ್ರದರ್ಶನದ ದಿನ ಮರೆತರೆ ವಿಂಗ್ (ರಂಗದ ಪಕ್ಕದ ಮರೆ) ಕಡೆ ಕಣ್ಣು ಹಾಯಿಸಬೇಡಿ. ಮರೆತದ್ದು ಪ್ರೇಕ್ಷಕರಿಗೆ ಗೊತ್ತಾಗುವುದೇ ಆ ನೋಟದಿಂದ. ಕೈಲಿರುವ ಕೆಲಸ ಮುಂದುವರಿಸಿ, ಎದುರಿನವರನ್ನೇ ನೋಡಿ. ಅವರು ನಿಮಗೊಂದು ಪ್ರಶ್ನೆ ಹಾಕಿ ದಾರಿಗೆ ತರಬೇಕು ಎಂದು ಮೊದಲೇ ಮಾತಾಡಿಕೊಂಡಿರಿ. ಮರೆಯಲ್ಲಿ ನಿಂತು ಮಾತು ನೆನಪಿಸುವ ಪ್ರಾಂಪ್ಟರ್‌ಗೂ ಒಂದು ಮಾತು: ಇಡೀ ವಾಕ್ಯ ಪಿಸುಗುಟ್ಟಬೇಡಿ, ಮೊದಲ ಎರಡು ಪದ ಸಾಕು. ಬೇಕೆಂದೇ ಕೊಟ್ಟ ಮೌನ ಎಲ್ಲೆಲ್ಲಿ ಎಂದು ಪ್ರಾಂಪ್ಟರ್ ಕೈಯ ಪ್ರತಿಯಲ್ಲಿ ಗುರುತಿರಬೇಕು. ಇಲ್ಲದಿದ್ದರೆ ನಾಟಕದ ಒಳ್ಳೆಯ ಮೌನಗಳನ್ನೆಲ್ಲ ಪ್ರಾಂಪ್ಟರೇ ತುಂಬಿಬಿಡುತ್ತಾರೆ.

ಪ್ರಶ್ನೆ: ಹಿಂದಿನ ಸಾಲಿಗೆ ಕೇಳುವುದಿಲ್ಲ ಅನ್ನುತ್ತಾರೆ. ಕೂಗಿದರೆ ಮೂರನೇ ದಿನಕ್ಕೆ ಗಂಟಲು ಕಟ್ಟುತ್ತದೆ. ಏನು ಮಾಡಲಿ?
*ವಿದ್ಯಾರ್ಥಿನಿ, ಕೊಪ್ಪ*

ಉತ್ತರ: ಕೂಗುವ ಮುಂಚೆ ಒಂದು ತಪಾಸಣೆ ಮಾಡಿ. ಗೆಳತಿಯೊಬ್ಬಳನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ನಿಮ್ಮ ಪ್ರತಿ ವಾಕ್ಯದ ಕೊನೆಯ ಪದವನ್ನು ಮಾತ್ರ ಬರೆದುಕೊಳ್ಳಲು ಹೇಳಿ. ಅರ್ಧಕ್ಕರ್ಧ ಖಾಲಿ ಬಂದರೆ ನಿಮ್ಮ ದನಿ ಚಿಕ್ಕದಲ್ಲ, ವಾಕ್ಯದ ಬಾಲ ಬೀಳುತ್ತಿದೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ, ಬೇಡ-ಇಲ್ಲ ಬರುವುದೂ ಕೊನೆಗೆ. "ನಾನು ನಾಳೆ ಊರಿಗೆ ಹೋಗೋದಿಲ್ಲ" ಎಂಬಲ್ಲಿ "ಊರಿಗೆ"ಯನ್ನು ಜೋರಾಗಿ ಹೇಳಿ "ಇಲ್ಲ"ವನ್ನು ನುಂಗಿದರೆ ಪ್ರೇಕ್ಷಕರು ನಿಮ್ಮನ್ನು ಊರಿಗೆ ಕಳಿಸಿಬಿಡುತ್ತಾರೆ, ಮುಂದಿನ ದೃಶ್ಯದಲ್ಲಿ ನೀವು ಇಲ್ಲೇ ಇರುವುದನ್ನು ಕಂಡು ತಬ್ಬಿಬ್ಬಾಗುತ್ತಾರೆ. ಕೊನೆಯ ಪದಕ್ಕೆ ಸಾಲುವಷ್ಟು ಉಸಿರು ಉಳಿಸಿಕೊಂಡು ವಾಕ್ಯ ಶುರುಮಾಡಿ. ಉದ್ದ ವಾಕ್ಯವಾದರೆ ಉಸಿರು ಎಲ್ಲಿ ಎಂದು ಪೆನ್ಸಿಲ್‌ನಿಂದ ಗೆರೆ ಹಾಕಿ, ಪ್ರತಿ ಸಲ ಅಲ್ಲೇ ತೆಗೆದುಕೊಳ್ಳಿ.

ಉಸಿರಿಗೆ: ಅಂಗಾತ ಮಲಗಿ ಹೊಟ್ಟೆಯ ಮೇಲೊಂದು ಪುಸ್ತಕ ಇಡಿ. ನಾಲ್ಕು ಎಣಿಕೆಗೆ ಉಸಿರೆಳೆಯುವಾಗ ಪುಸ್ತಕ ಏಳಬೇಕು, ಭುಜ ಏಳಬಾರದು. ಆಮೇಲೆ "ಸ್‌ಸ್‌ಸ್" ಎಂದು ಒಂದೇ ಸಮನೆ ಹದಿನೈದು ಸೆಕೆಂಡು ಬಿಡಿ, ಇಪ್ಪತ್ತಕ್ಕೆ ಏರಿಸುತ್ತ ಹೋಗಿ. ಗಂಟಲಿಗೆ: ಅರ್ಧ ಲೋಟ ನೀರಿನಲ್ಲಿ ಜ್ಯೂಸ್ ಕುಡಿಯುವ ಸ್ಟ್ರಾ ಎರಡು ಸೆಂಟಿಮೀಟರಿನಷ್ಟು ಮುಳುಗಿಸಿ, ಅದರ ಮೂಲಕ "ಊ" ಎಂದು ದನಿ ಹೊರಡಿಸಿ. ಗುಳ್ಳೆಗಳು ಒಂದೇ ಸಮ ಬರಬೇಕು. ತಾಲೀಮಿನ ಮೊದಲು ಐದು ನಿಮಿಷ, ಮುಗಿದ ಮೇಲೆ ಎರಡು ನಿಮಿಷ. ಗಂಟಲು ಕಟ್ಟಿದಾಗ ಪಿಸುಮಾತಿನಲ್ಲಿ ದಿನ ಕಳೆಯುವುದು ವಿಶ್ರಾಂತಿಯಲ್ಲ, ಅದೂ ದಣಿವೇ. ಸುಮ್ಮನಿರುವುದು ಮೇಲು. ಕಟ್ಟಿದ ದನಿ ಮೂರು ವಾರಕ್ಕೂ ಬಿಡದಿದ್ದರೆ ಕಷಾಯ ಬದಿಗಿಟ್ಟು ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ.

ತಗಡಿನ ಮಾಡಿನ ಸಭಾಂಗಣದಲ್ಲಿ ಮಳೆ ಬಂದರೆ ಯಾವ ಉಸಿರಾಟವೂ ಸಾಲದು. ಮಳೆಯ ಸದ್ದಿನ ಮೇಲೆ ಏರಿ ಮಾತಾಡಲು ಹೋಗಬೇಡಿ. ಮಾತು ನಿಧಾನ ಮಾಡಿ, ವ್ಯಂಜನಗಳನ್ನು ಗಟ್ಟಿಯಾಗಿ ಒತ್ತಿ, ಸಾಧ್ಯವಾದಷ್ಟು ಮುಂದಕ್ಕೆ ಬನ್ನಿ. ಆ ಪರ್ಯಾಯ ಚಲನೆಯನ್ನು ಒಂದು ದಿನ ತಾಲೀಮು ಮಾಡಿಟ್ಟುಕೊಂಡಿರಿ. ಖಾಲಿ ಸಭಾಂಗಣದಲ್ಲಿ ಗಣಗಣ ಎನ್ನುವ ದನಿ ಜನ ತುಂಬಿದ ಮೇಲೆ ಮಂಕಾಗುವುದೂ ಸಹಜ. ಜನರ ಮೈ, ಬಟ್ಟೆ ಸದ್ದನ್ನು ಹೀರುತ್ತವೆ.

ಪ್ರಶ್ನೆ: ರಂಗಶಿಕ್ಷಣದ ವಿದ್ಯಾರ್ಥಿನಿ. ನಾಟಕ ಮುಗಿದ ಮೇಲೆ ತಾಲೀಮು ಮತ್ತು ಪ್ರದರ್ಶನದ ಬಗ್ಗೆ ಆತ್ಮಾವಲೋಕನದ ವರದಿ ಕೊಡಬೇಕು. ಬರೆದದ್ದನ್ನು ಮೇಷ್ಟ್ರು "ಇದು ವರದಿಯಲ್ಲ, ವಂದನಾರ್ಪಣೆ" ಎಂದು ವಾಪಸು ಕೊಟ್ಟರು. ಹೇಗೆ ಬರೆಯುವುದು?
*ಸಾಗರ*

ಉತ್ತರ: ಮೇಷ್ಟ್ರು ಹೇಳಿದ್ದರಲ್ಲಿ ಸತ್ಯವಿದೆ. "ಪಾತ್ರದಲ್ಲಿ ಮುಳುಗಿಹೋದೆ", "ತಂಡ ಒಂದು ಕುಟುಂಬದಂತಾಯಿತು" ಎಂಬ ವಾಕ್ಯಗಳನ್ನು ಯಾವ ನಾಟಕದ ವರದಿಗಾದರೂ ಅಂಟಿಸಬಹುದು. ನಿಮ್ಮ ನಾಟಕಕ್ಕೆ ಮಾತ್ರ ಹೊಂದುವ ವಾಕ್ಯ ಬೇಕಿದ್ದರೆ ದಿನದಿನದ ಟಿಪ್ಪಣಿ ಬೇಕು. ಅದನ್ನು ತಾಲೀಮು ಮುಗಿದು ಅರ್ಧ ಗಂಟೆಯೊಳಗೆ ಬರೆಯಬೇಕು. ಮಾರನೇ ದಿನಕ್ಕೆ ಉಳಿಯುವುದು ಬೈಗುಳ ಮತ್ತು ಹೊಗಳಿಕೆ ಮಾತ್ರ.

ಟಿಪ್ಪಣಿಯಲ್ಲಿ ಯಾವ ದೃಶ್ಯ, ಏನು ಮಾಡಲು ಹೊರಟೆವು, ಏನಾಯಿತು, ನಾಳೆ ಏನು, ಇಷ್ಟಿದ್ದರೆ ಆಯಿತು. ಮಾದರಿಗೆ ಒಂದು:

"ದೃಶ್ಯ 3. ಸೊಸೆ ತಂಬಿಗೆಯಲ್ಲಿ ನೀರು ತಂದು ಮಾವನ ಮುಂದೆ ಇಡುವುದು. ಖಾಲಿ ತಂಬಿಗೆಯಲ್ಲಿ ಮಾಡಿದೆ. ಇಟ್ಟಾಗ ಟಣ್ ಎಂದು ಸದ್ದಾಗಿ ಮಾವನ ಮಾತು ಕೇಳಲಿಲ್ಲ. ಮುಕ್ಕಾಲು ನೀರು ತುಂಬಿಸಿದೆವು. ಆರು ಹೆಜ್ಜೆ ಇದ್ದದ್ದು ಒಂಬತ್ತಾಯಿತು, ಕಣ್ಣು ತಂಬಿಗೆಯ ಮೇಲೇ ಉಳಿಯಿತು. ಮಾವನ ಮುಖ ನೋಡದೆ ಇರಲು ಕಾರಣ ಸಿಕ್ಕಿತು. ಆದರೆ ನೀರು ತುಳುಕಿ ಹಲಗೆ ಜಾರತೊಡಗಿತು. ನಾಳೆ: ಅರ್ಧ ನೀರು, ಹೆಗಲ ಮೇಲೆ ಒರೆಸುವ ಬಟ್ಟೆ."

ಇಲ್ಲಿ ಭಾವನೆಯ ಹೆಸರೇ ಇಲ್ಲ. ಆದರೂ ಸೊಸೆಯ ಅಂಜಿಕೆ ಎಲ್ಲಿಂದ ಬಂತು ಎಂಬುದು ಗೊತ್ತಾಗುತ್ತದೆ. ಅಂಜಿಕೆಯನ್ನು ಅಭಿನಯಿಸಲು ಹೋಗಿದ್ದರೆ ಕೈ ನಡುಗಿಸುತ್ತಿದ್ದರು. ತುಂಬಿದ ತಂಬಿಗೆ ಆ ಕೆಲಸವನ್ನು ತಾನೇ ಮಾಡಿಕೊಟ್ಟಿತು. ಇಂಥ ಎರಡು ಮೂರು ಬದಲಾವಣೆಗಳನ್ನು ಆರಿಸಿಕೊಂಡು ಮೊದಲು ಹೇಗಿತ್ತು, ಯಾರು ಏನು ಸೂಚಿಸಿದರು, ಪ್ರದರ್ಶನದಲ್ಲಿ ಏನಾಗಿ ಉಳಿಯಿತು ಎಂದು ಬೆನ್ನಟ್ಟಿ ಬರೆಯಿರಿ. ಮೊದಲ ದಿನದಿಂದ ಕೊನೆಯ ದಿನದವರೆಗೆ ದಿನಚರಿ ಒಪ್ಪಿಸಿದರೆ ಯಾರೂ ಓದುವುದಿಲ್ಲ.

ಯಾವುದನ್ನು ಬಿಟ್ಟಿದ್ದೇವೆ ಎಂದು ನೋಡಲು ನಾಟ್ಯಶಾಸ್ತ್ರದ ನಾಲ್ಕು ಅಭಿನಯಗಳು ಒಳ್ಳೆಯ ಅಳತೆಗೋಲು: ಆಂಗಿಕ (ಮೈಯ ಚಲನೆ), ವಾಚಿಕ (ಮಾತು), ಆಹಾರ್ಯ (ವೇಷಭೂಷಣ), ಸಾತ್ವಿಕ (ಒಳಗಿನ ಭಾವ). ವಿದ್ಯಾರ್ಥಿಗಳ ವರದಿಯಲ್ಲಿ ಸಾತ್ವಿಕ ತುಂಬಿ ತುಳುಕುತ್ತದೆ, ಆಹಾರ್ಯದ ಸುದ್ದಿಯೇ ಇರುವುದಿಲ್ಲ. ಸೀರೆ ಉಡುವ ರೀತಿ ಬದಲಾದಾಗ ನಡಿಗೆ ಬದಲಾಗಲಿಲ್ಲವೆ? ಅದನ್ನು ಬರೆಯಿರಿ. ರಷ್ಯದ ಸ್ತಾನಿಸ್ಲಾವ್‌ಸ್ಕಿ, ಜರ್ಮನಿಯ ಬ್ರೆಕ್ಟ್‌ರಂಥ ರಂಗನಿರ್ದೇಶಕರ ಹೆಸರು ತರುವುದಾದರೆ ಅವರ ಯಾವ ವಿಚಾರವನ್ನು ಯಾವ ದೃಶ್ಯದಲ್ಲಿ ಪ್ರಯೋಗಿಸಿದಿರಿ ಎಂಬುದೂ ಜೊತೆಗಿರಲಿ. ಬರೀ ಹೆಸರಿಗೆ ಅಂಕ ಬರುವುದಿಲ್ಲ.

ಪ್ರದರ್ಶನದ ಭಾಗಕ್ಕೆ ಪ್ರೇಕ್ಷಕರ ಸದ್ದೇ ಆಧಾರ. ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು, ಎಲ್ಲಿ ಕುರ್ಚಿ ಕಿರುಗುಟ್ಟಿತು ಎಂದು ಹೊರಗೆ ಕುಳಿತ ಒಬ್ಬರಿಂದ ಪ್ರತಿಯ ಮೇಲೆ ಗುರುತು ಹಾಕಿಸಿ. ಒಂದೇ ಜಾಗದಲ್ಲಿ ನಾಲ್ಕೈದು ಮಂದಿ ಕೆಮ್ಮಿದರೆ ಅದು ನೆಗಡಿಯಲ್ಲ, ಅಲ್ಲಿ ದೃಶ್ಯ ಜಗ್ಗಿದೆ. ಜಗಳ, ಅಸಮಾಧಾನ ಬರೆಯಬಹುದೇ ಎಂದೂ ಕೇಳಿದ್ದೀರಿ. ಬರೆಯಿರಿ, ಆದರೆ ಯಾರ ತಪ್ಪು ಎಂದಲ್ಲ, ಅದರಿಂದ ಯಾವ ದೃಶ್ಯಕ್ಕೆ ಎಷ್ಟು ತಾಲೀಮು ತಪ್ಪಿತು ಎಂದು.

ಪ್ರಶ್ನೆ: ನನ್ನ ಮಾತಿನಲ್ಲಿ "ಎಂತ", "ಮಾರಾಯ" ಎಲ್ಲ ಬರುತ್ತದೆ. ಇದನ್ನು ತೊಡೆದುಹಾಕಬೇಕೆ?
*ತೀರ್ಥಹಳ್ಳಿ*

ಉತ್ತರ: ತೊಡೆದುಹಾಕಬೇಡಿ, ಬೇಕಾದಾಗ ತೆಗೆದಿಡುವುದನ್ನು ಕಲಿಯಿರಿ. ಪೌರಾಣಿಕ ನಾಟಕದ ಗ್ರಾಂಥಿಕ ಮಾತು, ಧಾರವಾಡ ಕಡೆಯ ಮಾತು, ನಿಮ್ಮ ಮನೆಮಾತು ಮೂರರಲ್ಲೂ ಒಂದೇ ಪ್ಯಾರಾವನ್ನು ದಿನಕ್ಕೊಮ್ಮೆ ಗಟ್ಟಿಯಾಗಿ ಓದಿ. ಹಠ ಹಿಡಿದು ಸರಿಮಾಡಿಕೊಳ್ಳಬೇಕಾದದ್ದು ಅಕಾರ-ಹಕಾರ, ಲ-ಳ, ಶ-ಸ, ಮಹಾಪ್ರಾಣ. ಇವು ತಪ್ಪಿದರೆ ಪದವೇ ಬೇರೆಯಾಗಿ ಕೇಳಿಸಬಹುದು.

ಪ್ರಶ್ನೆ: ಕಾಲೇಜು ತಂಡ, ಒಂದೂಕಾಲು ಗಂಟೆಯ ನಾಟಕ, ಕೈಲಿರುವುದು ಆರು ವಾರ. ಆಯನೂರು, ಕುಂಸಿ ಕಡೆಯ ಹುಡುಗರು ಬಸ್ಸಿಗೆಂದು ಬೇಗ ಎದ್ದುಬಿಡುತ್ತಾರೆ. ತಾಲೀಮು ಹೇಗೆ ಹಂಚಲಿ?
*ತಂಡದ ಸಂಚಾಲಕ, ಶಿವಮೊಗ್ಗ*

ಉತ್ತರ: ಒಂದು ನಿಮಿಷದ ನಾಟಕಕ್ಕೆ ಒಂದು ಗಂಟೆ ತಾಲೀಮು ಎಂಬುದು ಒರಟು ಲೆಕ್ಕ. ವಾರಕ್ಕೆ ಐದು ದಿನ, ದಿನಕ್ಕೆ ಎರಡೂವರೆ ಗಂಟೆಯಾದರೆ ಆರು ವಾರಕ್ಕೆ 75 ಗಂಟೆ, ನಿಮ್ಮ ನಾಟಕಕ್ಕೆ ಸರಿಹೋಯಿತು. 30 ದಿನದಲ್ಲಿ ಕೂತು ನಾಟಕ ಓದಲು 4, ಬ್ಲಾಕಿಂಗ್‌ಗೆ 10, ದೃಶ್ಯಗಳನ್ನು ತಿದ್ದಲು 8, ಆದಿಯಿಂದ ಅಂತ್ಯದವರೆಗೆ ನಿಲ್ಲಿಸದೆ ಓಡಿಸಲು 4, ಬೆಳಕು-ಸಂಗೀತ ಜೋಡಿಸಲು 2, ವೇಷಸಹಿತ ಗ್ರ್ಯಾಂಡ್ ರಿಹರ್ಸಲ್‌ಗೆ 2. ಓದಿನ ನಾಲ್ಕು ದಿನ ಕಂಡರೆ ಹುಡುಗರಿಗೆ ಬೇಜಾರು, ಅದನ್ನು ಕತ್ತರಿಸಿದವರು ಬ್ಲಾಕಿಂಗ್‌ನಲ್ಲಿ ಎಂಟು ದಿನ ಕಳೆದುಕೊಳ್ಳುತ್ತಾರೆ.

ಬಸ್ಸಿನವರ ದೃಶ್ಯಗಳನ್ನು ಮೊದಲ ಒಂದೂವರೆ ಗಂಟೆಗೆ ಹಾಕಿ, ಊರಲ್ಲೇ ಇರುವವರದ್ದು ಆಮೇಲೆ. ಮಾರನೇ ದಿನ ಯಾರು ಎಷ್ಟು ಹೊತ್ತಿಗೆ ಬರಬೇಕು ಎಂಬ ಪಟ್ಟಿ ಹಿಂದಿನ ರಾತ್ರಿಯೇ ವಾಟ್ಸಾಪ್‌ನಲ್ಲಿ ಹೋಗಲಿ. ಕೆಲಸವಿಲ್ಲದೆ ಕೂರಿಸಿದ ನಟ ನಾಲ್ಕನೇ ದಿನ ಬರುವುದಿಲ್ಲ.

ಇನ್ನೊಂದು ಕಡೆ ಎಲ್ಲ ತಂಡಗಳೂ ಎಡವುತ್ತವೆ. ದಿನಾ ಮೊದಲ ದೃಶ್ಯದಿಂದ ಶುರುಮಾಡಿ, ಹೊತ್ತಾಯಿತೆಂದು ನಡುವೆ ನಿಲ್ಲಿಸುತ್ತಾರೆ. ಪರಿಣಾಮ, ಮೊದಲ ದೃಶ್ಯ ಲಕಲಕ, ಕೊನೆಯ ದೃಶ್ಯ ಅರೆಬೆಂದದ್ದು. ಪ್ರೇಕ್ಷಕರು ಮನೆಗೆ ಒಯ್ಯುವುದು ಕೊನೆಯ ದೃಶ್ಯವನ್ನೇ. ವಾರದಲ್ಲಿ ಒಂದು ದಿನ ಕೊನೆಯಿಂದ ಹಿಂದಕ್ಕೆ ಬನ್ನಿ. ಪ್ರದರ್ಶನದ ರಂಗದ ಅಳತೆಯನ್ನು ಮೊದಲೇ ತಂದು ತಾಲೀಮಿನ ನೆಲದ ಮೇಲೆ ಟೇಪಿನಲ್ಲೋ ರಂಗೋಲಿ ಪುಡಿಯಲ್ಲೋ ಗುರುತಿಸಿ. 30 ಅಡಿಯ ತರಗತಿಯಲ್ಲಿ ಕಟ್ಟಿದ ಚಲನೆ 20 ಅಡಿಯ ವೇದಿಕೆಯಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತದೆ. ಬಲ-ಎಡ ಎಂದರೆ ಪ್ರೇಕ್ಷಕರಿಗೆ ಮುಖಮಾಡಿ ನಿಂತ ನಟರ ಬಲ-ಎಡ ಎಂಬುದನ್ನು ಮೊದಲ ದಿನವೇ ಇತ್ಯರ್ಥ ಮಾಡಿಕೊಳ್ಳಿ.

ಪ್ರಶ್ನೆ: ಶಾಲೆಯ ಸಭಾಂಗಣ. 1000 ವ್ಯಾಟ್‌ನ ಎರಡು ದೀಪ ಬಾಡಿಗೆಗೆ ತಂದೆವು. ಮುಖದ ಮೇಲೆ ಕಪ್ಪು ನೆರಳು, ನಡುವೆ ಪ್ಲಗ್ ಸುಟ್ಟುಹೋಯಿತು. ಎಲ್ಲಿ ತಪ್ಪಿದೆವು?
*ಹೊಸನಗರ*

ಉತ್ತರ: ಮೊದಲು ಪ್ಲಗ್. 230 ವೋಲ್ಟ್‌ನಲ್ಲಿ 1000 ವ್ಯಾಟ್ ದೀಪ ಸುಮಾರು 4.3 ಆಂಪ್ ಎಳೆಯುತ್ತದೆ. ಎರಡನ್ನೂ ಫ್ಯಾನಿನ ಪಕ್ಕದ 6 ಆಂಪ್ ಸಾಕೆಟ್ಟಿಗೆ ಕೊಟ್ಟರೆ 8.7 ಆಂಪ್, ಸುಡದೆ ಇನ್ನೇನಾಗುತ್ತದೆ? 16 ಆಂಪ್‌ನ ದಪ್ಪ ಸಾಕೆಟ್ಟಿಗೆ, 2.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ, ಎರಡು ದೀಪದವರೆಗೆ ಧೈರ್ಯವಾಗಿ ಕೊಡಬಹುದು. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಟ್ಟು ಉರಿಸಬೇಡಿ. ಸುರುಳಿಯೊಳಗೆ ಬಿಸಿ ಸೇರಿ ಪ್ಲಾಸ್ಟಿಕ್ ಕರಗುತ್ತದೆ, ಪೂರ್ತಿ ಬಿಡಿಸಿ ಹಾಸಿ. ಮಳೆಗಾಲದ ತೇವ ಗೋಡೆಯಲ್ಲಿ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ನೋಡಿದ ಮೇಲೇ ಮುಂದಿನ ಮಾತು.

ನೆರಳು ಬಂದದ್ದು ದೀಪ ತಲೆಯ ಮೇಲೇ ಇದ್ದುದರಿಂದ. ಕಣ್ಣಿನ ಗುಳಿ ತುಂಬಬೇಕಾದರೆ ಬೆಳಕು ಸುಮಾರು 45 ಡಿಗ್ರಿಯಲ್ಲಿ ಬರಬೇಕು. ದೀಪ 12 ಅಡಿ ಎತ್ತರದಲ್ಲಿದ್ದು ನಟರ ಮುಖ 5 ಅಡಿಯಲ್ಲಿದ್ದರೆ ಅಂತರ 7 ಅಡಿ. ಹಾಗಾದರೆ ನಟರು ನಿಲ್ಲುವ ಜಾಗದಿಂದ 7 ಅಡಿ ಮುಂದೆ ದೀಪ ಇರಲಿ, ಒಂದು ಬಲಕ್ಕೆ ಒಂದು ಎಡಕ್ಕೆ. ಬಣ್ಣಕ್ಕೆ ಉಡುಗೊರೆ ಸುತ್ತುವ ಹಾಳೆ ಕಟ್ಟುವವರಿದ್ದಾರೆ. ಅದು ಬಿಸಿಗೆ ಮುರುಟಿ ಹೊತ್ತಿಕೊಳ್ಳುತ್ತದೆ, ದೀಪದ ಬಾಡಿಗೆಯವರ ಬಳಿಯೇ ಫಿಲ್ಟರ್ ಕೇಳಿ ಪಡೆಯಿರಿ.

ಪ್ರಶ್ನೆ: ಅಂಟಿಸಿದ ಮೀಸೆ ಎರಡನೇ ದೃಶ್ಯಕ್ಕೇ ಕಳಚುತ್ತದೆ.
*ಭದ್ರಾವತಿ*

ಉತ್ತರ: ಬಣ್ಣದ ಮೇಲೆ ಅಂಟಿಸುತ್ತಿದ್ದೀರಿ. ಬಣ್ಣ ಬೆವರಿಗೆ ಸರಿದಾಗ ಮೀಸೆಯೂ ಅದರ ಜೊತೆ ಹೊರಡುತ್ತದೆ. ಬೋಳಿಸಿದ, ಎಣ್ಣೆ ಸೋಕದ ಚರ್ಮಕ್ಕೆ ಮೊದಲು ಸ್ಪಿರಿಟ್ ಗಮ್ (ಮೀಸೆ-ಗಡ್ಡ ಅಂಟಿಸುವ ಅಂಟು) ತೆಳುವಾಗಿ ಹಚ್ಚಿ, ಬೆರಳಿಗೆ ಜಿಗುಟಾಗುವವರೆಗೆ ಕಾದು, ಮೀಸೆ ಇಟ್ಟು ಒದ್ದೆ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಬಣ್ಣ ಅದರ ಸುತ್ತ ಆಮೇಲೆ. ತೆಗೆಯುವಾಗ ಕೀಳಬೇಡಿ, ಗಮ್ ತೆಗೆಯುವ ದ್ರವ ಇಲ್ಲದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ನೆನೆಯಲು ಬಿಡಿ. ಹಿಂದಿನ ದಿನವೇ ಮೊಣಕೈಯ ಒಳಬದಿಗೆ ಗಮ್ಮಿನ ಒಂದು ಹನಿ ಹಚ್ಚಿ ತುರಿಕೆ ಬರುತ್ತದೆಯೇ ನೋಡಿ.

ಪ್ರಶ್ನೆ: ಒಳ್ಳೆಯ ನಾಟಕ ನೋಡಿ ಕಲಿಯಬೇಕೆಂದರೆ ಮಲೆನಾಡಿನಲ್ಲಿ ಎಲ್ಲಿಗೆ ಹೋಗಲಿ?
*ಶೃಂಗೇರಿ*

ಉತ್ತರ: ಸಾಗರದ ಹತ್ತಿರದ ಹೆಗ್ಗೋಡಿಗೆ. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಎಂಬ ರಂಗಸಂಸ್ಥೆ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ಅದರ ತಿರುಗಾಟ ತಂಡ ಶುರುವಾಯಿತು. ತಿರುಗಾಟದ ನಾಟಕ ಹೆಗ್ಗೋಡಿನಲ್ಲಿ ಒಮ್ಮೆ, ನಿಮ್ಮ ಕಡೆಯ ಊರಿನಲ್ಲಿ ಇನ್ನೊಮ್ಮೆ ನೋಡಿ. ಬಿಚ್ಚಿ ಕಟ್ಟುವ ರಂಗಸಜ್ಜಿಕೆ ಬೇರೆ ವೇದಿಕೆಗೆ ಹೇಗೆ ಹೊಂದಿಕೊಂಡಿತು, ಪ್ರವೇಶಗಳು ಎಷ್ಟು ಹೆಜ್ಜೆ ಕುಗ್ಗಿದವು ಎಂದು ಗಮನಿಸಿದರೆ ಒಂದು ಕಮ್ಮಟದಷ್ಟು ಪಾಠ. ಶಿವಮೊಗ್ಗದಲ್ಲಿ ಸರ್ಕಾರದ ನಾಟಕ ಸಂಸ್ಥೆ ರಂಗಾಯಣವಿದೆ. ರಾತ್ರಿಯ ಬಯಲಾಟವನ್ನೂ ಬಿಡಬೇಡಿ. ಸಾಧ್ಯವಾದರೆ ಆಟ ಶುರುವಾಗುವ ಮುಂಚೆ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಅನುಮತಿ ಕೇಳಿ, ವೇಷ ಕಟ್ಟುವುದನ್ನು ಸುಮ್ಮನೆ ಕುಳಿತು ನೋಡಿ.

ಪ್ರಶ್ನೆ: ಮೊದಲ ಪ್ರದರ್ಶನ ಭರ್ಜರಿ. ಎರಡನೆಯದು ನೀರಸ. ಅದೇ ನಟರು, ಅದೇ ಮಾತು. ಏಕೆ?
*ಚಿಕ್ಕಮಗಳೂರು*

ಉತ್ತರ: ಎರಡನೇ ದಿನ ನಟರು ಎದುರಿನವರ ಮಾತು ಕೇಳುವುದನ್ನು ಬಿಟ್ಟು, ನಿನ್ನೆ ಚಪ್ಪಾಳೆ ಬಿದ್ದ ಜಾಗಗಳಿಗೆ ಕಾಯುತ್ತಾರೆ. ನಿನ್ನೆ ನಗು ಬಂದ ಕಡೆ ಇಂದೂ ಬರಲೆಂದು ಮಾತಿನ ಮುಂಚೆ ಒಂದು ಚೂರು ನಿಲ್ಲಿಸುತ್ತಾರೆ, ಆ ನಿಲುಗಡೆಯೇ ನಗುವನ್ನು ಕೊಲ್ಲುತ್ತದೆ. ನಾಟಕ ಮೂರು ನಾಲ್ಕು ನಿಮಿಷ ಉದ್ದವಾಗುವುದೂ ಇದರಿಂದಲೇ, ಗಡಿಯಾರ ಹಿಡಿದು ನೋಡಿ. ಎರಡನೇ ಪ್ರದರ್ಶನದ ದಿನ ಮಧ್ಯಾಹ್ನ ಎಲ್ಲರೂ ಕೂತು ಮಾತುಗಳನ್ನು ವೇಗವಾಗಿ ಒಮ್ಮೆ ಹೇಳಿ ಮುಗಿಸಿ, ಆಮೇಲೆ ಪ್ರವೇಶ-ನಿರ್ಗಮನಗಳನ್ನಷ್ಟೇ ಒಂದು ಸಲ ನಡೆದು ನೋಡಿ. ರಾತ್ರಿ ನಗು ಬಂದರೆ ಪೂರ್ತಿ ಅಡಗುವವರೆಗೆ ಕಾಯಬೇಡಿ, ಅದು ಏರಿ ಇಳಿಯತೊಡಗಿದಾಗ ಮುಂದಿನ ಮಾತು ಎತ್ತಿ. ಬರದಿದ್ದರೆ ನಿಲ್ಲಲೇಬೇಡಿ.